ಮೊದಲು ಮಂಡಿ ಹೇಗಿದೆ ಅಂತ ಕೇಳುತ್ತೇನೆ

ಬ್ರಿಟನ್ನಿಗೆ ಹೋಗ್ತಿದ್ದೀವಿ, ಎರಡು ಮೂರು ದಿನ ಒಳ್ಳೇ ಲಕ್ಷುರಿ ಹೋಟೆಲ್‌ನಲ್ಲಿ ಇರಬೇಕು ಅಂತ ಯಾರಾದರೂ ನಮ್ಮ ಆಫೀಸಿಗೆ ಬಂದರೆ ನಾನು ಮೊದಲು ಬಜೆಟ್ ಕೇಳುವುದಿಲ್ಲ. "ಬರೋವರಲ್ಲಿ ಯಾರಿಗಾದ್ರೂ ಮಂಡಿ ನೋವಿದೆಯಾ?" ಅಂತ ಕೇಳುತ್ತೇನೆ. ಎದುರಿಗೆ ಕೂತವರು ಒಂದು ಸಲ ಹೊರಗಿನ ಬೋರ್ಡಿನ ಕಡೆ ನೋಡುತ್ತಾರೆ. ಮೂಳೆ ಡಾಕ್ಟರ ಹತ್ತಿರ ಬಂದುಬಿಟ್ಟೆವಾ ಅಂತ.

ಈ ಪ್ರಶ್ನೆ ಕಲಿಯಲು ನನಗೆ 180 ಪೌಂಡ್ ಖರ್ಚಾಗಿದೆ.

ಬಸವನಗುಡಿಯ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಬ್ರಿಟನ್, ಯುರೋಪ್ ಟ್ರಿಪ್‌ಗಳನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಅಲ್ಲಿ ಕೆಲಸದಲ್ಲಿರುವ ಮಕ್ಕಳ ಅಪ್ಪ ಅಮ್ಮ. 2018ರಲ್ಲಿ ರೆಡಿಂಗ್‌ನಿಂದ ಒಬ್ಬ ಹುಡುಗ ಫೋನ್ ಮಾಡಿದ. ಅಪ್ಪ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಜೂನ್‌ನಲ್ಲಿ ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ. "ಒಂದು ಸಲನಾದ್ರೂ ರಾಜರ ಥರ ಇರ್ಲಿ ಮೇಡಂ. ಎರಡು ರಾತ್ರಿ ಸಾಕು. ಅರಮನೆ ಥರದ್ದು ನೋಡಿ. ದುಡ್ಡಿನ ಯೋಚನೆ ಬೇಡ."

ದುಡ್ಡಿನ ಯೋಚನೆ ಬೇಡ ಅಂದರೆ ನನ್ನಂಥವಳಿಗೆ ರೆಕ್ಕೆ ಬಂದ ಹಾಗೆ. ಕಾಟ್ಸ್‌ವೋಲ್ಡ್ಸ್ ಕಡೆ ಒಂದು ಹಳೇ ಬಂಗಲೆ ಸಿಕ್ಕಿತು. ಹದಿನೇಳನೇ ಶತಮಾನದ್ದು. ಆ ಸೀಮೆಯ ಜೇನು ಬಣ್ಣದ ಕಲ್ಲು, ಗೋಡೆ ತುಂಬಾ ಹಬ್ಬಿದ ಗುಲಾಬಿ ಬಳ್ಳಿ. ರೂಮಿನಲ್ಲಿ ಮಂಟಪದ ಹಾಗೆ ನಾಲ್ಕು ಕಂಬದ ಮಂಚ. ಬಾತ್‌ರೂಮಿನ ನಡುವೆ, ಕಿಟಕಿ ಪಕ್ಕದಲ್ಲಿ, ಸಿಂಹದ ಪಂಜದ ಮೇಲೆ ನಿಂತ ಬಿಳಿ ಬಾತ್‌ಟಬ್. ರಾತ್ರಿಗೆ 420 ಪೌಂಡ್. ಫೋಟೋ ಕಳಿಸಿದೆ, ಹುಡುಗ ಐದೇ ನಿಮಿಷದಲ್ಲಿ ಒಪ್ಪಿದ. ವೆಜಿಟೇರಿಯನ್ ತಿಂಡಿ ಇದೆಯಾ, ತೋಟ ಕಾಣುತ್ತಾ, ಬಾತ್‌ರೂಮ್ ಅಟ್ಯಾಚ್ಡಾ ಅಂತ ಹೋಟೆಲಿಗೆ ಬರೆದೆ. ಮೂರಕ್ಕೂ ಹೌದು ಅಂತ ಉತ್ತರ ಬಂತು. ಕೆಲಸ ಮುಗಿಯಿತು ಅಂದುಕೊಂಡೆ.

ಆಂಟಿಗೆ ಆಗ 64. ಎರಡೂ ಮಂಡಿ ಹೋಗಿವೆ. ರೂಮು ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಿರಿದಾದ ಮರದ ಮೆಟ್ಟಿಲನ್ನು ಹೇಗೋ ಕೈಹಿಡಿ ಹಿಡಿದುಕೊಂಡು ಹತ್ತಿದ್ದಾರೆ. ಆ ಟಬ್ಬಿನ ಅಂಚು ಮಾತ್ರ ಅವರ ಮಂಡಿಗಿಂತ ಮೇಲೆ. ಕಾಲೆತ್ತಿ ಆ ಕಡೆ ಹಾಕಲು ಆಗುತ್ತಿಲ್ಲ. ಶವರ್ ಇರುವುದು ಟಬ್ಬಿನೊಳಗೇ. ಮಾರನೇ ದಿನ ಮದುವೆಯ ದಿನ. ಆ ದಿನ ಸ್ನಾನ ಮಾಡದೆ ಇರುವುದು ಹೇಗೆ?

ಅಂಕಲ್ ಬೆಳಗ್ಗೆ ಕೆಳಗೆ ಹೋಗಿ ರಿಸೆಪ್ಷನ್‌ನಲ್ಲಿ ಒಂದು ಬಕೆಟ್ ಕೇಳಿದರು. ಅಲ್ಲಿದ್ದ ಹುಡುಗಿ ಒಂದು ಕ್ಷಣ ಯೋಚಿಸಿ, ನಕ್ಕು, ನೀವು ಹೋಗಿರಿ ತಂದುಕೊಡ್ತೀನಿ ಅಂದಳಂತೆ. ಹತ್ತು ನಿಮಿಷಕ್ಕೆ ಬಂತು. ಫಳಫಳ ಹೊಳೆಯುವ ಬೆಳ್ಳಿ ಬಣ್ಣದ್ದು, ಎರಡು ಕಡೆ ಕಿವಿ, ಮೇಲೆ ಮಡಿಸಿದ ಬಿಳಿ ನ್ಯಾಪ್‌ಕಿನ್. ಶಾಂಪೇನ್ ಬಾಟಲಿ ಇಡುವ ಐಸ್ ಬಕೆಟ್! ಮದುವೆಯ ದಿನ, ಗಂಡ ಬೆಳಗ್ಗೇನೇ ಬಕೆಟ್ ಕೇಳಿದ್ದಾನೆ, ಪಾಪ ಅವಳಾದರೂ ಇನ್ನೇನು ಅಂದುಕೊಳ್ಳಬೇಕು?

ಆಂಟಿ ಅದಕ್ಕೇ ಬಿಸಿನೀರು ತುಂಬಿಕೊಂಡರು. ಹಲ್ಲುಜ್ಜುವ ಕಡೆ ಇಟ್ಟಿದ್ದ ಗಾಜಿನ ಲೋಟವೇ ಚೊಂಬು. ಟಬ್ಬಿನ ಹೊರಗೆ ನೆಲದ ಮೇಲೆ ನಿಂತು ಒಂದಲ್ಲ, ನಾಲ್ಕು ಬಕೆಟ್ ಹುಯ್ದುಕೊಂಡರು.

ನಮ್ಮ ಬಚ್ಚಲಿನಲ್ಲಿ ನೆಲ ಒಂದು ಮೂಲೆಗೆ ಇಳಿಜಾರಾಗಿರುತ್ತದೆ, ನೀರು ಹೋಗಲು ಒಂದು ತೂತು ಇರುತ್ತದೆ. ಅಲ್ಲಿ ಅದಿಲ್ಲ. ಬಾತ್‌ರೂಮಿನ ನೆಲ ಒಣಗಿಯೇ ಇರಬೇಕು ಅನ್ನುವುದು ಅವರ ಲೆಕ್ಕ. ನೀರೆಲ್ಲ ಟಬ್ಬಿನೊಳಗೆ ಅಥವಾ ಶವರ್ ಜಾಗದೊಳಗೆ. ಹಳೇ ಮನೆಗಳಲ್ಲಂತೂ ನೆಲದ ಕೆಳಗೆ ಬರೀ ಮರದ ಹಲಗೆ. ಆ ಹಲಗೆಯ ಕೆಳಗೆ ಹೋಟೆಲಿನ ಲೈಬ್ರರಿ ಇತ್ತು.

ಮಧ್ಯಾಹ್ನ ನನಗೆ ಇಮೇಲ್ ಬಂತು. ಇಂಗ್ಲಿಷರ ಮರ್ಯಾದೆ ನೋಡಬೇಕು ನೀವು. ಅತಿಥಿಗಳು ಕ್ಷೇಮ, ಹವೆ ಚೆನ್ನಾಗಿದೆ, ಸ್ವಲ್ಪ ನೀರು ಕೆಳಗಿನ ಕೋಣೆಯ ಸೀಲಿಂಗ್ ತನಕ ಬಂದಿರುವಂತೆ ಕಾಣುತ್ತದೆ. ಒಣಗಿಸಿ ಬಣ್ಣ ಬಳಿಯಲು 180 ಪೌಂಡ್. ಹುಡುಗನಿಗೆ ಹೇಳಲು ಬಾಯಿ ಬರಲಿಲ್ಲ. ನನ್ನ ಕಮಿಷನ್‌ನಿಂದಲೇ ಕಟ್ಟಿದೆ.

ಎರಡು ದಿನ ಆಂಟಿ ಮೇಲೆ ಸಿಟ್ಟಿತ್ತು. ಆಮೇಲೆ ನಾನು ಆ ಹೋಟೆಲಿಗೆ ಬರೆದ ಇಮೇಲ್‌ಗಳನ್ನೆಲ್ಲ ತೆಗೆದು ಓದಿದೆ. ಕಿಟಕಿಯಿಂದ ಏನು ಕಾಣುತ್ತೆ ಅಂತ ಎರಡು ಸಲ ಕೇಳಿದ್ದೆ. ಸ್ನಾನ ಎಲ್ಲಿ ನಿಂತು ಮಾಡಬೇಕು ಅಂತ ಒಂದು ಸಲವೂ ಕೇಳಿರಲಿಲ್ಲ.

ನಮ್ಮಲ್ಲಿ ಹೋಟೆಲ್ ಅಂದರೆ ಇಡ್ಲಿ ವಡೆ, ಉಳಿಯುವುದಕ್ಕೆ ಲಾಡ್ಜು. ಬ್ರಿಟನ್ನಿನ ಹಳ್ಳಿ ಕಡೆಯ ಈ ದುಬಾರಿ ಹೋಟೆಲ್‌ಗಳು ಎರಡೂ ಅಲ್ಲ. ಅವು ಯಾರದೋ ಹಳೇ ಮನೆ. ಥೇಮ್ಸ್ ದಂಡೆಯ ಕ್ಲಿವ್‌ಡನ್ ಒಂದು ಕಾಲಕ್ಕೆ ಆಸ್ಟರ್ ಅನ್ನುವ ಸಿರಿವಂತ ಕುಟುಂಬ ಇದ್ದ ಮನೆ. ಈಗ ಆಸ್ತಿ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್‌ನದು, ಒಳಗೆ ಹೋಟೆಲ್. ಬಾತ್ ಊರಿನಲ್ಲಿ 1767ರಲ್ಲಿ ಕಟ್ಟಲು ಶುರುಮಾಡಿದ ರಾಯಲ್ ಕ್ರೆಸೆಂಟ್ ಅಂತ ಅರ್ಧಚಂದ್ರದ ಹಾಗೆ ಬಾಗಿದ 30 ಮನೆಗಳ ಸಾಲಿದೆ. ಅದರ ನಡುವಿನ ಮನೆಗಳೇ ಒಂದು ಹೋಟೆಲ್. ಇಂಥ ಕಟ್ಟಡಗಳು ಸರ್ಕಾರದ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿರುತ್ತವೆ. ಇಂಗ್ಲೆಂಡಿನಲ್ಲಿ ಗ್ರೇಡ್ ಒಂದು, ಗ್ರೇಡ್ ಎರಡು ಸ್ಟಾರ್, ಗ್ರೇಡ್ ಎರಡು. ಪಟ್ಟಿಗೆ ಸೇರಿದ ಮೇಲೆ ಅನುಮತಿ ಇಲ್ಲದೆ ಕಿಟಕಿ ಚೌಕಟ್ಟನ್ನೂ ಬದಲಾಯಿಸುವ ಹಾಗಿಲ್ಲ. ಲಿಫ್ಟ್ ಇಲ್ಲ ಅಂದರೆ ಜಿಪುಣತನ ಅಂತಲ್ಲ, ಎಷ್ಟೋ ಕಡೆ ಹಾಕಲು ಬಿಡುವುದೇ ಇಲ್ಲ. ಏಸಿಯ ಕತೆಯೂ ಹೀಗೇ. 2022ರ ಜುಲೈ 19ಕ್ಕೆ ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಆಯಿತಲ್ಲ, ಆ ದೇಶ ಅಲ್ಲಿಯವರೆಗೆ ಕಂಡಿರದ ಬಿಸಿಲು. ಆ ವಾರ ನಮ್ಮ ಒಂದು ಕುಟುಂಬ ಅಲ್ಲೇ ಇತ್ತು. ಫ್ಯಾನ್ ಕೊಡಿ ಅಂದರೆ, ಇದ್ದ ಮೂರೂ ಬೇರೆ ರೂಮಿಗೆ ಹೋಗಿದ್ದವು.

ಹಾಗಾದರೆ ಸ್ಟಾರ್ ನೋಡಿದರೆ ಸಾಲದೇ ಅಂತ ಕೇಳುತ್ತಾರೆ. ಸಾಲದು. ಅಲ್ಲಿ ಸ್ಟಾರ್ ತೆಗೆದುಕೊಳ್ಳಲೇಬೇಕು ಅನ್ನುವ ಕಾನೂನಿಲ್ಲ. ಎಎ, ವಿಸಿಟ್‌ಇಂಗ್ಲೆಂಡ್ ಅಂಥ ಸಂಸ್ಥೆಗಳು ಬಂದು ನೋಡಿ ಕೊಡುತ್ತವೆ, ಹೋಟೆಲಿಗೆ ಬೇಕಿದ್ದರೆ ಮಾತ್ರ. ಎಎ ಅಂದರೆ ಆಟೊಮೊಬೈಲ್ ಅಸೋಸಿಯೇಷನ್, ಕಾರು ಕೆಟ್ಟರೆ ಫೋನ್ ಮಾಡುತ್ತಾರಲ್ಲ, ಅದೇ. ಅವರಲ್ಲಿ ಕೆಂಪು ಸ್ಟಾರ್ ಅಂತ ಒಂದಿದೆ, ಆಯಾ ಮಟ್ಟದಲ್ಲಿ ಅತ್ಯುತ್ತಮ ಅಂತ ಅರ್ಥ. ನಾನು ಕಪ್ಪು ಐದಕ್ಕಿಂತ ಕೆಂಪು ನಾಲ್ಕನ್ನು ಜಾಸ್ತಿ ನಂಬುತ್ತೇನೆ. 2024ರಿಂದ ಊಟದ ಹೋಟೆಲ್‌ಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡಿನವರೂ ಅಲ್ಲಿನ ಹೋಟೆಲ್‌ಗಳಿಗೆ ಕೀಲಿಕೈ ಗುರುತು ಕೊಡುತ್ತಿದ್ದಾರೆ. ಇದೆಲ್ಲ ಸರಿ. ಆದರೆ ಟಬ್ಬಿನ ಅಂಚು ಎಷ್ಟು ಎತ್ತರ ಅಂತ ಯಾವ ಸ್ಟಾರೂ ಹೇಳುವುದಿಲ್ಲ.

ಈಗ ನಾನು ಮಾಡುವುದು ಇಷ್ಟೇ. ಹೋಟೆಲ್ ಇಷ್ಟವಾದರೆ ರೂಮಿನ ನಂಬರ್ ಹೇಳಿ ಅನ್ನುತ್ತೇನೆ. ಕ್ಲಾಸಿಕ್, ಸುಪೀರಿಯರ್, ಡಿಲಕ್ಸ್ ಅನ್ನುವ ಹೆಸರುಗಳಿಗೆ ಒಂದೊಂದು ಕಡೆ ಒಂದೊಂದು ಅರ್ಥ. ಕೋಜಿ ಅಂತ ಬರೆದಿದ್ದರೆ ಸೂಟ್‌ಕೇಸ್ ಬಿಚ್ಚಲು ಜಾಗವಿಲ್ಲ ಅಂತಲೇ ತಿಳಿಯಬೇಕು. ಆ ನಂಬರಿನ ರೂಮಿಗೆ ಎಷ್ಟು ಮೆಟ್ಟಿಲು, ಟಬ್ ಇಲ್ಲದೆ ನೇರ ನಡೆದು ಹೋಗಿ ನಿಲ್ಲುವ ಶವರ್ ಇದೆಯಾ, ಬಾತ್‌ರೂಮಿನ ಫೋಟೋ ಬಾಗಿಲಿನಿಂದ ತೆಗೆದು ಕಳಿಸುತ್ತೀರಾ ಅಂತ ಕೇಳುತ್ತೇನೆ. ಕಳಿಸುತ್ತಾರೆ. ಒಂದು ಕಡೆಯವರು ಟೇಪು ಹಿಡಿದು ಅಳತೆ ಸಮೇತ ಕಳಿಸಿದ್ದರು.

ಒಂದು ಗುಟ್ಟು ಹೇಳುತ್ತೇನೆ. ಇಂಥ ಬಂಗಲೆಗಳಲ್ಲಿ ಮುಖ್ಯ ಮನೆಯ ಪಕ್ಕದಲ್ಲಿ ಹಳೇ ಕುದುರೆ ಲಾಯ ಇರುತ್ತದೆ. ಅದನ್ನೂ ರೂಮು ಮಾಡಿರುತ್ತಾರೆ, ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ. ಇಷ್ಟು ದುಡ್ಡು ಕೊಟ್ಟು ಲಾಯದಲ್ಲಿ ಮಲಗಬೇಕಾ ಅಂತ ನಮ್ಮ ಜನ ಮೂಗು ಮುರಿಯುತ್ತಾರೆ. ಆದರೆ ಕುದುರೆ ಮೆಟ್ಟಿಲು ಹತ್ತುವುದಿಲ್ಲ ನೋಡಿ! ಅಲ್ಲಿ ಎಷ್ಟೋ ರೂಮು ನೆಲಮಟ್ಟದಲ್ಲಿರುತ್ತವೆ. ಹೊಸದಾಗಿ ಕಟ್ಟಿದ ಬಾತ್‌ರೂಮ್, ಒಳ್ಳೆ ಶವರ್. ವಯಸ್ಸಾದವರಿಗೆ ನಾನು ಮೊದಲು ನೋಡುವುದೇ ಲಾಯ.

ಕೆಟಲ್ ವಿಚಾರ ಇನ್ನೊಂದು. ಬ್ರಿಟನ್ನಿನಲ್ಲಿ ಸಾಧಾರಣ ಹೋಟೆಲಿನ ರೂಮಿನಲ್ಲೂ ಕೆಟಲ್, ಟೀ ಪುಡಿಯ ಬ್ಯಾಗು ಇರುತ್ತವೆ. ರೂಮು ದುಬಾರಿಯಾದಷ್ಟೂ ಅದು ಮಾಯವಾಗಬಹುದು. ಫೋನ್ ಮಾಡಿದರೆ ಟ್ರೇನಲ್ಲಿ ಟೀ ತಂದುಕೊಡುತ್ತೇವಲ್ಲ, ಕೆಟಲ್ ಯಾಕೆ ಅನ್ನುವ ಧೋರಣೆ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಕಪ್ಪು ಹತ್ತು ಕಟ್ಟಿಕೊಂಡು ಹೋದವರು ಏನು ಮಾಡಬೇಕು? ಕೇಳಿದರೆ ಕೊಡುತ್ತಾರೆ. ನಾನು ಬುಕಿಂಗ್‌ನಲ್ಲೇ ಬರೆಸಿಬಿಡುತ್ತೇನೆ.

ಊಟದ ಬಗ್ಗೆ ಒಂದು ವಾರ ಮೊದಲೇ ಬರೆದರೆ ದೊಡ್ಡ ಹೋಟೆಲಿನ ಅಡುಗೆಯವರು ಖುಷಿಯಿಂದ ಮಾಡುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ಬೇಡ ಅಂದರೂ ಸರಿ. ಅಲ್ಲಿ ಹೋಗಿ ಟೇಬಲ್ ಮುಂದೆ ಕೂತು ಹೇಳಿದರೆ ಸಿಗುವುದು ಅಣಬೆ ರಿಸೊಟ್ಟೊ, ಮೇಲೆ ಪಾರ್ಮಿಸಾನ್ ಚೀಸ್. ಪಾರ್ಮಿಸಾನ್‌ಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ ಅನ್ನುವುದು ನಮ್ಮ ಬಹಳ ಜನಕ್ಕೆ ಗೊತ್ತಿಲ್ಲ. ಹಳ್ಳಿ ಕಡೆ ರಾತ್ರಿ ಒಂಬತ್ತರ ಸುಮಾರಿಗೆ ಅಡುಗೆಮನೆ ಮುಚ್ಚಿಬಿಟ್ಟರೆ, ನಾಲ್ಕು ಮೈಲಿ ಆಚೆಗೂ ತೆರೆದ ಅಂಗಡಿ ಸಿಗಲಿಕ್ಕಿಲ್ಲ.

ಹೋಗಿ ಬರುವುದನ್ನೂ ನೋಡಬೇಕು. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಕಾಟ್ಸ್‌ವೋಲ್ಡ್ಸ್‌ನ ಮೋರ್ಟನ್-ಇನ್-ಮಾರ್ಷ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಅಲ್ಲಿ ಇಳಿದು ಆಟೋ ಸಿಗುವ ಹಾಗೆ ಟ್ಯಾಕ್ಸಿ ಸಿಗುತ್ತೆ ಅಂದುಕೊಂಡರೆ ಕೆಟ್ಟಿರಿ. ಮೊದಲೇ ಹೇಳಿಡಬೇಕು. ಡಿಸೆಂಬರ್‌ನಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಎಡಿನ್‌ಬರೋದಲ್ಲಿ ಆಗ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ತೋಟ ಕಾಣುವ ರೂಮಿಗೆ ಜಾಸ್ತಿ ದುಡ್ಡು ಕೊಟ್ಟು ಕತ್ತಲೆ ನೋಡಿ ಬಂದವರಿದ್ದಾರೆ.

ದುಡ್ಡಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ಚೆಕ್-ಇನ್ ಮಾಡುವಾಗ ಹೋಟೆಲಿನವರು ಕಾರ್ಡಿನ ಮೇಲೆ ಒಂದಷ್ಟು ಪೌಂಡ್ ಬ್ಲಾಕ್ ಮಾಡುತ್ತಾರೆ. ಖರ್ಚಲ್ಲ, ಠೇವಣಿ ಥರ. ಕ್ರೆಡಿಟ್ ಕಾರ್ಡ್ ಆದರೆ ಗೊತ್ತೂ ಆಗುವುದಿಲ್ಲ. ಮೊದಲೇ ದುಡ್ಡು ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡ್ ಕೊಟ್ಟರೆ ಶಾಪಿಂಗಿಗೆ ಇಟ್ಟ ದುಡ್ಡು ಊರಿಗೆ ವಾಪಸ್ ಬಂದ ಮೇಲೂ ಬಿಡುಗಡೆಯಾಗದೆ ಇರಬಹುದು.

ನನಗೆ ಕೇಳಿದರೆ, ದೊಡ್ಡವರ ಜೊತೆ ಹೋಗುವವರಿಗೆ ರೈಲ್ವೆಯವರು ಕಟ್ಟಿದ ಹಳೇ ಹೋಟೆಲ್‌ಗಳು ಬಂಗಲೆಗಿಂತ ಮೇಲು. ಪೆಟ್ಟಿಗೆ ಹೊತ್ತು ಸುಸ್ತಾಗಿ ಇಳಿಯುವವರಿಗಾಗಿಯೇ ಕಟ್ಟಿದವು ಅವು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಮುಂಭಾಗವೇ ಒಂದು ಹೋಟೆಲ್. ಸ್ಕಾಟ್ಲೆಂಡಿನಲ್ಲಿ 1924ರಲ್ಲಿ ತೆರೆದ ಗ್ಲೆನೀಗಲ್ಸ್‌ಗೆ ಹೋಗುವವರು ಅದೇ ಹೆಸರಿನ ನಿಲ್ದಾಣದಲ್ಲಿ ಇಳಿಯುತ್ತಾರೆ. ಎಡಿನ್‌ಬರೋದ ವೇವರ್ಲಿ ನಿಲ್ದಾಣದ ತಲೆ ಮೇಲೆ 1902ರಲ್ಲಿ ತೆರೆದ ಬಾಲ್ಮೋರಲ್ ಇದೆ. ಅದರ ಗೋಪುರದ ಗಡಿಯಾರವನ್ನು ಬೇಕೆಂದೇ ಮೂರು ನಿಮಿಷ ಮುಂದೆ ಇಟ್ಟಿರುತ್ತಾರೆ, ಜನಕ್ಕೆ ರೈಲು ತಪ್ಪದಿರಲಿ ಅಂತ. ಡಿಸೆಂಬರ್ 31ರ ರಾತ್ರಿ ಮಾತ್ರ ಸರಿಯಾದ ಟೈಮು.

ಹೋದ ವರ್ಷ ಅಂಕಲ್, ಆಂಟಿ ಮತ್ತೆ ಹೊರಟರು. ಈ ಸಲ ಎಡಿನ್‌ಬರೋ. ವೇವರ್ಲಿಗೆ ಹತ್ತಿರವೇ ಒಂದು ಹೋಟೆಲ್ ಹಿಡಿದೆ. ಲಿಫ್ಟ್ ಇದೆ, ಶವರ್ ಜಾಗಕ್ಕೆ ಒಂದಿಂಚೂ ಅಡ್ಡವಿಲ್ಲ. ಫೋಟೋ ತೋರಿಸಿದೆ. ಆಂಟಿ ಕನ್ನಡಕ ಏರಿಸಿ ಬಾತ್‌ರೂಮಿನ ನೆಲವನ್ನೇ ನೋಡಿ, "ತೂತಿದೆಯಲ್ಲಾ?" ಅಂದರು. ಗಾಂಧಿಬಜಾರಿನಲ್ಲಿ ಒಂದು ಪ್ಲಾಸ್ಟಿಕ್ ಮಗ್ಗು ತಗೊಂಡೇ ಹೋದರು, ಯಾವುದಕ್ಕೂ ಇರಲಿ ಅಂತ.

ಬಂದ ಮೇಲೆ ಅಂಕಲ್ ಆಫೀಸಿಗೆ ಬಂದು ಶಾರ್ಟ್‌ಬ್ರೆಡ್ ಡಬ್ಬಿ ಕೊಟ್ಟರು. ಹೋಟೆಲ್ ಚೆನ್ನಾಗಿತ್ತಮ್ಮಾ ಅಂದರು, ಅಷ್ಟೇ. ಆಮೇಲೆ ಕೈಯಲ್ಲಿದ್ದ ಎಚ್‌ಎಂಟಿ ವಾಚ್ ತೋರಿಸಿದರು. ರೈಲಿಳಿದ ತಕ್ಷಣ ಬಾಲ್ಮೋರಲ್ ಗಡಿಯಾರ ನೋಡಿ ಅದಕ್ಕೆ ಸರಿಯಾಗಿ ಮುಳ್ಳು ತಿರುಗಿಸಿಕೊಂಡರಂತೆ, ಇಂಗ್ಲಿಷರ ಟೈಮು ಅಂದರೆ ಪಕ್ಕಾ ಅಂತ. ಬೆಂಗಳೂರಿನಲ್ಲಿ ಇಳಿದ ಮೇಲೆ ಎರಡು ದೇಶದ ಟೈಮಿನ ವ್ಯತ್ಯಾಸ ಎಷ್ಟೋ ಅಷ್ಟೇ ಮುಂದೆ ಮಾಡಿಕೊಂಡಿದ್ದರು. ನಾನು ಗಡಿಯಾರದ ವಿಷಯ ಹೇಳಿದೆ. ಅಂಕಲ್ ಸ್ವಲ್ಪ ಹೊತ್ತು ವಾಚನ್ನೇ ನೋಡಿದರು. "ಇರ್ಲಿ ಬಿಡಮ್ಮಾ," ಅಂದರು. "ನಿಮ್ಮ ಆಂಟಿ ಹೊರಡೋಕೆ ಹೇಗಿದ್ರೂ ಮೂರು ನಿಮಿಷ ಲೇಟು."