ಲಂಕೆಗೆ ಹೊರಟವರಿಗೆ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಹೆಚ್ಚೂಕಡಿಮೆ ಒಂದೂವರೆ ಗಂಟೆ. ಕೈಗಡಿಯಾರ ತಿರುಗಿಸುವ ಕೆಲಸವೂ ಇಲ್ಲ, ಎರಡೂ ಕಡೆ ಒಂದೇ ಸಮಯ. ಇಷ್ಟು ಹತ್ತಿರವಲ್ಲವೇ ಅನ್ನುವ ಸಲಿಗೆಯಲ್ಲಿ ಒಂದು ವಾರಕ್ಕೆ ಎಂಟು ಊರು ತುರುಕಿಕೊಂಡು ಹೋದವರು ಅರ್ಧ ರಜೆಯನ್ನು ವ್ಯಾನಿನಲ್ಲೇ ಕಳೆಯುತ್ತಾರೆ. ಎಕ್ಸ್‌ಪ್ರೆಸ್‌ವೇ ಬಿಟ್ಟು ಉಳಿದ ರಸ್ತೆಗಳಲ್ಲಿ ಗಂಟೆಗೆ 30–35 ಕಿ.ಮೀ. ಅಂತಲೇ ಲೆಕ್ಕ ಹಿಡಿಯಿರಿ. ಸಿಗಿರಿಯದಿಂದ ಕ್ಯಾಂಡಿ ಸುಮಾರು 90 ಕಿ.ಮೀ., ಆದರೆ ಹತ್ತಿರ ಹತ್ತಿರ ಮೂರು ಗಂಟೆ. ಏಳು ದಿನಕ್ಕೆ ನಾಲ್ಕು ತಂಗುದಾಣ ಸಾಕು.

ಯಾವ ತಿಂಗಳು ಹೋಗುತ್ತೀರಿ ಅನ್ನುವುದರ ಮೇಲೆ ಯಾವ ಕರಾವಳಿ ಅನ್ನುವುದು ನಿಂತಿದೆ. ದ್ವೀಪಕ್ಕೆ ಎರಡು ಮಳೆಗಾಲ. ನಮ್ಮ ಮುಂಗಾರಿನ ಹೊತ್ತಿಗೆ, ಮೇಯಿಂದ ಸೆಪ್ಟೆಂಬರ್‌ವರೆಗೆ, ದಕ್ಷಿಣದ ಗಾಲೆ, ಮಿರಿಸ್ಸ ಕಡೆ ಮಳೆ, ಕಡಲೂ ಒರಟು. ಆಗ ಪೂರ್ವದ ಟ್ರಿಂಕೋಮಲಿ ಚೆನ್ನಾಗಿರುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇದು ತಿರುಗುಮುರುಗು. ಶಾಲೆಯ ಬೇಸಿಗೆ ರಜೆಗೆ ಹೋಗುವವರು ಏಪ್ರಿಲ್ ಮೊದಲ ವಾರದೊಳಗೆ ದಕ್ಷಿಣ ಮುಗಿಸುವುದು ಒಳ್ಳೆಯದು. ಏಪ್ರಿಲ್ ಮಧ್ಯದಲ್ಲಿ ಸಿಂಹಳ–ತಮಿಳು ಹೊಸ ವರ್ಷ. ಬಸ್ಸುಗಳೆಲ್ಲ ತುಂಬಿರುತ್ತವೆ, ಅಂಗಡಿಗಳು ಮುಚ್ಚಿರುತ್ತವೆ.

ಪ್ರವೇಶಕ್ಕೆ ಬೇಕಾದ ಇಟಿಎ ಅನುಮತಿಯನ್ನು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪಡೆಯಿರಿ. ಹುಡುಕಿದರೆ ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಮೊದಲು ಸಿಗುತ್ತವೆ, ದುಡ್ಡು ಹೆಚ್ಚು ಕೀಳುತ್ತವೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಎಲ್‌ಕೆ' ಇದ್ದರೆ ಮಾತ್ರ ಮುಂದುವರಿಯಿರಿ. ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ, ಹೋದ ವರ್ಷ ಹೋಗಿಬಂದವರ ಮಾತು ನಂಬಬೇಡಿ.

ವಿಮಾನ ಇಳಿಯುವುದು ಕಟುನಾಯಕದಲ್ಲಿ, ಕೊಲಂಬೊ ನಗರಕ್ಕಿಂತ ಮೂವತ್ತು ಚಿಲ್ಲರೆ ಕಿ.ಮೀ. ಉತ್ತರಕ್ಕೆ. ರಾತ್ರಿ ಇಳಿದರೆ ಪಕ್ಕದ ನೆಗೊಂಬೊದಲ್ಲಿ ಮಲಗಿ. ಬೆಳಿಗ್ಗೆ ಇಳಿದರೆ ನೇರ ಸಿಗಿರಿಯಕ್ಕೆ ಹೊರಡಿ, ನಾಲ್ಕು ಗಂಟೆ ದಾರಿ. ಅಲ್ಲಿಂದ ಕ್ಯಾಂಡಿ, ರೈಲಿನಲ್ಲಿ ಎಲ್ಲ (ಊರಿನ ಹೆಸರೇ ಹಾಗೆ), ಕೊನೆಗೆ ದಕ್ಷಿಣ ಕರಾವಳಿ. ಈ ಸುತ್ತಿನಲ್ಲಿ ಬಂದ ದಾರಿಯನ್ನೇ ಮತ್ತೆ ತುಳಿಯಬೇಕಾಗಿಲ್ಲ.

ನೆತ್ತಿಯಲ್ಲಿ ಹಳೆಯ ಅರಮನೆಯ ಅವಶೇಷವಿರುವ ಸಿಗಿರಿಯ ಬಂಡೆಗೆ ಸುಮಾರು 1,200 ಮೆಟ್ಟಿಲು. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಹತ್ತು ಗಂಟೆಯಾದರೆ ಕಲ್ಲು ಕಾದಿರುತ್ತದೆ, ಚಿತ್ರಗಳಿರುವ ಗವಿಗೆ ಹತ್ತುವ ಕಬ್ಬಿಣದ ಸುರುಳಿ ಮೆಟ್ಟಿಲಲ್ಲಿ ಸಾಲು ಕದಲುವುದಿಲ್ಲ. 'ಗಲಾಟೆ ಮಾಡಬೇಡಿ' ಅನ್ನುವ ಫಲಕ ಸುಮ್ಮನೆ ಹಾಕಿದ್ದಲ್ಲ, ಬಂಡೆಯಲ್ಲಿ ಕಣಜದ ಗೂಡುಗಳಿವೆ. ಸಾರ್ಕ್ ದೇಶದವರಿಗೆ ಇಲ್ಲಿ ಟಿಕೆಟ್ ದರ ಕಡಿಮೆ. ಆದರೆ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಅದನ್ನು ಹೋಟೆಲಿನ ಲಾಕರಿನಲ್ಲಿ ಬಿಟ್ಟು ಬಂದವರು ಪೂರ್ತಿ ದರ ತೆರುತ್ತಾರೆ.

ಕ್ಯಾಂಡಿ–ಎಲ್ಲ ರೈಲು ಆರೇಳು ಗಂಟೆಯ ಪಯಣ. ಕಾಯ್ದಿರಿಸುವಿಕೆ 30 ದಿನ ಮೊದಲು ತೆರೆಯುತ್ತದೆ, ಸೀಟುಗಳು ನೋಡನೋಡುತ್ತಲೇ ಖಾಲಿಯಾಗುತ್ತವೆ. ಮೊದಲ ದರ್ಜೆಯ ಎ.ಸಿ. ಬೋಗಿಯ ಕಿಟಕಿ ತೆರೆಯುವುದಿಲ್ಲ, ಗಾಜಿನ ಹಿಂದೆ ಕೂತು ಫೋಟೊ ತೆಗೆಯಬೇಕು. ಹೆಚ್ಚು ದುಡ್ಡು ಕೊಟ್ಟು ಕಡಿಮೆ ನೋಡುವ ವ್ಯವಹಾರ ಅದು. ಎರಡನೇ ಅಥವಾ ಮೂರನೇ ದರ್ಜೆಯೇ ಸರಿ. ಸೀಟು ಸಿಗದಿದ್ದರೆ ಕ್ಯಾಂಡಿಯಲ್ಲಿ ನೂಕಾಡುವ ಬದಲು ನುವರ ಎಲಿಯಕ್ಕೆ ರಸ್ತೆಯಲ್ಲಿ ಹೋಗಿ, ಅಲ್ಲಿಗೆ ಹತ್ತಿರದ 'ನಾನುಓಯ' ನಿಲ್ದಾಣದಿಂದ ಎಲ್ಲವರೆಗಿನ ತುಂಡು ಮಾತ್ರ ಹಿಡಿಯಿರಿ. 1,891 ಮೀಟರ್ ಎತ್ತರದ ಪಟ್ಟಿಪೊಲ ನಿಲ್ದಾಣ ಈ ತುಂಡಿನಲ್ಲೇ ಬರುತ್ತದೆ. ಅದಾದ ಮೇಲಿನ ಸುರಂಗದ ಈಚೆ ಮಂಜು, ಆಚೆ ಬಿಸಿಲು ಇರುವುದುಂಟು. ಬಾಗಿಲಲ್ಲಿ ಜೋತುಬಿದ್ದು ಚಿತ್ರ ತೆಗೆಸಿಕೊಳ್ಳಬೇಡಿ. ಕಡಿದ ಬಂಡೆ ಬೋಗಿಗೆ ಮೊಳದಷ್ಟು ಹತ್ತಿರ ಬರುತ್ತದೆ. ಜೋರು ಮಳೆಗೆ ಗುಡ್ಡ ಜರಿದು ಈ ಮಾರ್ಗ ನಿಲ್ಲುವುದೂ ಉಂಟು, ರೈಲು ಓಡುತ್ತಿದೆಯೇ ಅಂತ ನೋಡಿಯೇ ಕೊಠಡಿ ಬುಕ್ ಮಾಡಿ.

ಸಸ್ಯಾಹಾರಿಗಳು ಒಂದು ಪದ ಬಾಯಿಪಾಠ ಮಾಡಿಕೊಳ್ಳಲೇಬೇಕು: ಉಂಬಲಕಡ. ಒಣಗಿಸಿ ಕಟ್ಟಿಗೆಯಂತೆ ಗಟ್ಟಿಯಾದ ಮೀನಿನ ಪುಡಿ ಇದು. ಪೊಲ್ ಸಂಬೋಲ ಅನ್ನುವ ಕೆಂಪು ಕಾಯಿ ಚಟ್ನಿಯಲ್ಲಿ, ಕೆಲವೊಮ್ಮೆ ತರಕಾರಿ ಪಲ್ಯದಲ್ಲೂ ಸೇರಿರುತ್ತದೆ. 'ವೆಜಿಟೇರಿಯನ್' ಅಂದರೆ ಮಾಂಸದ ತುಂಡು ಬೇಡ ಅಂತಷ್ಟೇ ಅರ್ಥ ಮಾಡಿಕೊಳ್ಳುವವರಿದ್ದಾರೆ. 'ಮಸ್ ಮಾಳು ಎಪಾ, ಉಂಬಲಕಡ ಎಪಾ' ಅನ್ನಿ. 'ಮಸ್' ಮಾಂಸ, 'ಮಾಳು' ಮೀನು, 'ಎಪಾ' ಅಂದರೆ ಬೇಡ. ಆಮೇಲೆ ತಟ್ಟೆ ನೋಡಿದರೆ ನಮ್ಮ ಮನೆಯದೇ ಅನ್ನಿಸುತ್ತದೆ: ತೆಂಗಿನ ಹಾಲಿನ ತೊವ್ವೆಯಂಥ ಪರಿಪ್ಪು, ಎಳೆ ಹಲಸಿನ ಪೊಲೊಸ್, ಹೆಚ್ಚಿ ಕಾಯಿತುರಿ ಬೆರೆಸಿದ ಗೊಟುಕೊಳ, ಅಂದರೆ ಒಂದೆಲಗ. ಇಂದಿಯಪ್ಪ ಅಂದರೆ ಒತ್ತುಶ್ಯಾವಿಗೆ. ಈರುಳ್ಳಿ ಬೆಳ್ಳುಳ್ಳಿ ಕೂಡ ಬೇಡವೆನ್ನುವವರಿಗೆ ಕಷ್ಟವೇ. ಕೊಲಂಬೊದ ವೆಳ್ಳವತ್ತೆ, ಕ್ಯಾಂಡಿ ಪೇಟೆಗಳಲ್ಲಿ ತಮಿಳರ ಶುದ್ಧ ಸಸ್ಯಾಹಾರಿ ಹೋಟೆಲುಗಳಿವೆ.

ದೇವಾಲಯಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು, ಚಪ್ಪಲಿ ಟೋಪಿ ಎರಡೂ ತೆಗೆಯಬೇಕು. ಹಳೆಯ ರಾಜಧಾನಿ ಪೊಲೊನ್ನರುವದ ಬಯಲು ಕಲ್ಲು ಮಧ್ಯಾಹ್ನ ಅಂಗಾಲು ಸುಡುತ್ತದೆ, ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುವುದನ್ನು ಅಲ್ಲಿನವರು ಅವಮಾನವೆಂದೇ ಎಣಿಸುತ್ತಾರೆ. ಪ್ರತಿ ಹುಣ್ಣಿಮೆಯೂ 'ಪೋಯ' ರಜೆ, ಅಂದು ಮದ್ಯ ಮಾರುವುದಿಲ್ಲ.

ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರಕ್ಕೂ ಹೆಚ್ಚು ಬರುತ್ತದೆ. ಕ್ಯೂಆರ್ ಇರುವ ಕೆಲವು ಅಂಗಡಿಗಳಲ್ಲಿ 2024ರಿಂದ ಯುಪಿಐ ನಡೆಯುತ್ತದೆ, ಬಸ್ಸಿಗೂ ಎಳನೀರಿಗೂ ನಗದೇ ಬೇಕು. ಹೋಟೆಲ್ ಬಿಲ್ಲಿಗೆ ಶೇ. 10 ಸೇವಾ ಶುಲ್ಕ ಸೇರುವುದು ಸಾಮಾನ್ಯ. ಅನೇಕ ಕಡೆ ಇಂಗ್ಲೆಂಡ್ ಮಾದರಿಯ ಚೌಕ ಪಿನ್ನಿನ ಪ್ಲಗ್, ಅಡಾಪ್ಟರ್ ಒಯ್ಯಿರಿ. ಆಂಬುಲೆನ್ಸ್‌ಗೆ 1990, ಉಚಿತ.

ವ್ಯಾನಿನ ಚಾಲಕ ದಾರಿಯಲ್ಲಿ ಮಸಾಲೆ ತೋಟಕ್ಕೂ ರತ್ನದ ಅಂಗಡಿಗೂ ನಿಲ್ಲಿಸುತ್ತಾನೆ, ಅಲ್ಲಿ ಅವನಿಗೆ ಕಮಿಷನ್ ಇರುತ್ತದೆ. ಮಲೆನಾಡಿನವರಿಗೆ ಮೆಣಸಿನ ಬಳ್ಳಿ ತೋರಿಸಿ ಎಣ್ಣೆ ಮಾರುವ ತಮಾಷೆ ಬೇಡವಾದರೆ ಮೊದಲ ದಿನವೇ ನಗುನಗುತ್ತ ಹೇಳಿಬಿಡಿ. ಕೊನೆಯ ದಿನ ಗಾಲೆಯಿಂದ ವಿಮಾನ ನಿಲ್ದಾಣಕ್ಕೆ ಕೊಲಂಬೊದ ಹೊರವರ್ತುಲದ ಮೂಲಕ ಎಕ್ಸ್‌ಪ್ರೆಸ್‌ವೇಯಲ್ಲೇ ಹೋದರೆ ಎರಡೂವರೆ ಗಂಟೆ. ಟೋಲ್ ಉಳಿಸಲು ಪೇಟೆಯೊಳಗೆ ನುಗ್ಗಿದರೆ ಎಷ್ಟು ಹೊತ್ತೋ ಹೇಳಲಾಗದು. ಟೋಲ್ ಯಾರ ಲೆಕ್ಕಕ್ಕೆ ಅನ್ನುವುದನ್ನು ಗಾಡಿ ಗೊತ್ತು ಮಾಡುವಾಗಲೇ ಕೇಳಿಕೊಳ್ಳಿ.