‘ನಾವು ಹೋದ ಮೇಲೆ ಇವನ ಗತಿ ಏನು ಮೇಡಂ?’

ವಿಶೇಷ ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿ ಹದಿನಾರು ವರ್ಷ ಆಯಿತು. ಈ ಪ್ರಶ್ನೆ ಕೇಳದ ಅಪ್ಪ-ಅಮ್ಮನನ್ನು ನಾನು ಇದುವರೆಗೆ ನೋಡಿಲ್ಲ. ಕೆಲವರು ಅಡ್ಮಿಷನ್ ದಿನವೇ ಕೇಳುತ್ತಾರೆ. ಕೆಲವರು ವರ್ಷಗಟ್ಟಲೆ ಮನಸ್ಸಲ್ಲೇ ಇಟ್ಟುಕೊಂಡಿದ್ದು, ಮಗನಿಗೆ ಮೀಸೆ ಚಿಗುರುವ ಹೊತ್ತಿಗೆ ಕೇಳುತ್ತಾರೆ. ಗೇಟಿನ ಹತ್ತಿರ ಆಟೋ ಕಾಯುವಾಗ, ದನಿ ತಗ್ಗಿಸಿ. “ನಾವಿರೋವರೆಗೂ ನೋಡ್ಕೋತೀವಿ ಮೇಡಂ. ಆಮೇಲೆ?”

ಮೊದಲೆಲ್ಲ ನಾನು ಪಿಂಚಣಿ, ಇನ್ಶೂರೆನ್ಸ್, ನೋಡಿಕೊಳ್ಳುವ ಸಂಸ್ಥೆಗಳು ಅಂತ ಹೇಳುತ್ತಿದ್ದೆ. ಅದೆಲ್ಲ ಬೇಕೇ ಬೇಕು. ಆದರೆ ಈಗ ಅದಕ್ಕೂ ಮುಂಚೆ ಒಂದು ಮಾತು ಕೇಳುತ್ತೇನೆ: ಇವನು ಇವತ್ತು ಹಾಕಿಕೊಂಡಿರುವ ಶರ್ಟನ್ನು ಆರಿಸಿದ್ದು ಯಾರು?

ಹೆಚ್ಚಿನವರು ಸುಮ್ಮನಾಗುತ್ತಾರೆ. ಅವರ ತಪ್ಪು ಅಂತ ನಾನು ಹೇಳುತ್ತಿಲ್ಲ. ಬೆಳಿಗ್ಗೆ ಅಡುಗೆ, ಸ್ನಾನ, ಬಸ್ಸು, ಇನ್ನೊಂದು ಮಗುವಿನ ಟಿಫನ್ ಡಬ್ಬಿ. ಅದರ ಮಧ್ಯೆ ಶರ್ಟು ಕೇಳುತ್ತಾ ಕೂರೋಕೆ ಆಗುತ್ತಾ? ಹೀಗೇ ಹದಿನೆಂಟು ವರ್ಷ ಕಳೆದುಬಿಡುತ್ತದೆ. ಏನು ತಿನ್ನಬೇಕು, ಎಲ್ಲಿ ಕೂರಬೇಕು, ಯಾವಾಗ ಮಲಗಬೇಕು, ಎಲ್ಲವನ್ನೂ ಬೇರೆಯವರೇ ತೀರ್ಮಾನ ಮಾಡಿರುತ್ತಾರೆ.

ನನಗೆ ಇದನ್ನು ಕಲಿಸಿದ್ದು ಒಬ್ಬ ಹುಡುಗ. ಆಗ ಅವನಿಗೆ ಹದಿನೈದು. ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ಮಾತು ಬರುವುದಿಲ್ಲ, ಆದರೆ ನಮ್ಮ ಮಾತೆಲ್ಲ ಅರ್ಥವಾಗುತ್ತದೆ. ಅವನಿಗಾಗಿ ನಾನೇ ಒಂದು ಚಾರ್ಟ್ ಮಾಡಿದ್ದೆ. ಹನ್ನೆರಡು ಚೌಕ, ಒಂದೊಂದರಲ್ಲೂ ಒಂದು ಚಿತ್ರ. ನೀರು, ಊಟ, ಟಾಯ್ಲೆಟ್, ಅಮ್ಮ, ನೋವು, ಟಿವಿ, ಹೀಗೆ. ಲ್ಯಾಮಿನೇಟ್ ಮಾಡಿಸಿ ವೀಲ್‌ಚೇರಿನ ಹಲಗೆಗೆ ಅಂಟಿಸಿದ್ದೆ. ಮಡಚಿದ ಬೆರಳಿನ ಗೆಣ್ಣಿನಿಂದ ಬೇಕಾದ್ದನ್ನು ಮುಟ್ಟುತ್ತಿದ್ದ.

ಒಂದು ದಿನ ಫಿಸಿಯೋಥೆರಪಿ ಹೊತ್ತಿಗೆ ಚಾರ್ಟಿನ ಯಾವ ಚಿತ್ರವನ್ನೂ ಮುಟ್ಟಲಿಲ್ಲ. ಹೊರಗೆ, ಹಲಗೆಯ ಖಾಲಿ ಮೂಲೆಯನ್ನು ಕುಟ್ಟಿದ. ನೀರಾ? ಅಲ್ಲ. ನೋವಾ? ಅಲ್ಲ. ಮತ್ತೆ ಅದೇ ಖಾಲಿ ಜಾಗ. ಅಲ್ಲೇ ಬಟ್ಟೆ ಮಡಚುತ್ತಿದ್ದ ಆಯಾ, “ಬೇಡ ಅಂತಿದಾನೇನೋ ಮೇಡಂ” ಅಂದರು. ಹುಡುಗ ಮೈಯೆಲ್ಲ ಅಲುಗಿಸಿಕೊಂಡು ನಕ್ಕ.

ಹನ್ನೆರಡು ಚೌಕದಲ್ಲಿ ‘ಬೇಡ’ ಅನ್ನುವುದಕ್ಕೆ ನಾನು ಒಂದು ಜಾಗವನ್ನೂ ಇಟ್ಟಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೆಯ ದಿನವೇ ಕೆಂಪು ಬಣ್ಣದಲ್ಲಿ ‘ಬೇಡ’ ಸೇರಿಸಿದೆ. ಮೂರು ದಿನ ಎಲ್ಲದಕ್ಕೂ ಬೇಡ. ಹಾಲು ಬೇಡ, ಸ್ವೆಟರ್ ಬೇಡ, ನನ್ನ ಪಾಠವೂ ಬೇಡ. ಅವರಮ್ಮ ಫೋನ್ ಮಾಡಿದರು. “ಒಳ್ಳೆ ಹುಡುಗ ಇದ್ದ, ಹಠಮಾರಿ ಆಗ್ಬಿಟ್ಟ.” ಸ್ವಲ್ಪ ದಿನ ತಡೆದುಕೊಳ್ಳಿ ಅಂತ ಬೇಡಿಕೊಂಡೆ. ನಾಲ್ಕನೇ ದಿನ ಹಾಲು ಕುಡಿದ. ಫಿಸಿಯೋ ಮಾತ್ರ ಬೇಡವೇ. ಆಮೇಲೆ ಗೊತ್ತಾಯಿತು, ವ್ಯಾಯಾಮ ಬೇಡ ಅಂತಲ್ಲ, ಊಟ ಆದ ತಕ್ಷಣ ಬೇಡ ಅಂತ. ಹೊತ್ತು ಬದಲಾಯಿಸಿದೆವು, ಅಷ್ಟೇ.

‘ಬೇಡ’ ಅನ್ನುವುದು ಸಣ್ಣ ಮಾತಲ್ಲ. ನಮ್ಮ ಮಕ್ಕಳಿಗೆ ಸ್ನಾನ ಮಾಡಿಸಲು, ಬಟ್ಟೆ ಹಾಕಲು ಹಲವು ಕೈಗಳು ಮೈ ಮುಟ್ಟುತ್ತವೆ. ಎಲ್ಲರ ಮಾತನ್ನೂ ಕೇಳಬೇಕು ಅಂತ ಮಾತ್ರ ಕಲಿತ ಮಗು, ಕೆಟ್ಟ ಕೈ ಮುಟ್ಟಿದಾಗಲೂ ಸುಮ್ಮನೇ ಇರುತ್ತದೆ. ಅದಕ್ಕೇ ಮುಟ್ಟುವ ಮುಂಚೆ “ಎತ್ತಲಾ?” ಅಂತ ಕೇಳಿ. ಅಮ್ಮನಾದರೂ ಸರಿ, ಕೇಳಿ.

“ನಮ್ಮವನಿಗೆ ಅಷ್ಟೆಲ್ಲ ಬುದ್ಧಿ ಇಲ್ಲ ಮೇಡಂ” ಅನ್ನುತ್ತಾರೆ ಕೆಲವರು. ಎರಡು ಲೋಟ ಹಿಡಿಯಿರಿ, ಒಂದರಲ್ಲಿ ಹಾಲು, ಒಂದರಲ್ಲಿ ಮಜ್ಜಿಗೆ. ಕಣ್ಣು ಯಾವ ಕಡೆ ಹೋಗುತ್ತೆ ನೋಡಿ. ಮನಸ್ಸಲ್ಲೇ ಹತ್ತು ಎಣಿಸಿ. ನಾವು ಎರಡು ಎಣಿಸುವಷ್ಟರಲ್ಲೇ ಕುಡಿಸಿಬಿಡುತ್ತೇವೆ, ಅಲ್ವಾ? ಇನ್ನು ದೊಡ್ಡ ಮಕ್ಕಳ ಕೈಗೆ ಐವತ್ತು ರೂಪಾಯಿ ಕೊಡಿ. ನೀವು ಬೇಡ ಅಂದುಕೊಂಡಿದ್ದಕ್ಕೇ ಖರ್ಚು ಮಾಡಬಹುದು, ಮಾಡಲಿ ಬಿಡಿ. ಐವತ್ತು ರೂಪಾಯಿಯಲ್ಲಿ ತಪ್ಪು ಮಾಡಿ ಕಲಿಯುವುದು ಒಳ್ಳೆಯದು. ನೆಂಟರು ಮಗನ ತಲೆಯ ಮೇಲಿಂದ ನಿಮ್ಮನ್ನು “ಇವನದ್ದು ಊಟ ಆಯ್ತಾ?” ಅಂದರೆ, “ಅವನನ್ನೇ ಕೇಳಿ” ಅನ್ನಿ.

ಎಲ್ಲವನ್ನೂ ತಾನೇ ಮಾಡಿಕೊಳ್ಳಬೇಕು ಅಂತಲ್ಲ ಇದರ ಅರ್ಥ. ಅಮೆರಿಕದ ಎಡ್ ರಾಬರ್ಟ್ಸ್ ಹದಿನಾಲ್ಕನೇ ವಯಸ್ಸಿನಲ್ಲಿ ಪೋಲಿಯೋ ಬಂದು ಕತ್ತಿನ ಕೆಳಗೆ ಹೆಚ್ಚುಕಮ್ಮಿ ಪೂರ್ತಿ ಸ್ವಾಧೀನ ಕಳೆದುಕೊಂಡವರು. ರಾತ್ರಿ ಉಸಿರಾಡಲು ಯಂತ್ರ ಬೇಕಿತ್ತು. ಅವರು 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು. 1972ರಲ್ಲಿ ಗೆಳೆಯರ ಜೊತೆ ಅಂಗವಿಕಲರೇ ನಡೆಸುವ ಸ್ವತಂತ್ರ ಬದುಕಿನ ಕೇಂದ್ರ ಶುರು ಮಾಡಿದರು. ಇವರಿಂದ ಕೆಲಸ ಮಾಡೋಕಾಗಲ್ಲ ಅಂತ ಒಂದು ಕಾಲದಲ್ಲಿ ಹೇಳಿದ್ದ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಗೇ 1975ರಲ್ಲಿ ಮುಖ್ಯಸ್ಥರಾದರು. ಅವರ ಶರ್ಟಿನ ಗುಂಡಿ ಹಾಕಲು ಬೇರೆಯವರ ಕೈ ಬೇಕಿತ್ತು. ದಿನ ಹೇಗೆ ನಡೆಯಬೇಕು ಅನ್ನುವುದು ಅವರದೇ ಮಾತು.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. ಹದಿನೆಂಟು ತುಂಬಿದ ಕೂಡಲೇ ‘ಕಾನೂನು ಪಾಲಕರು’, ಅಂದರೆ ಮಗನ ಪರವಾಗಿ ತೀರ್ಮಾನ ಮಾಡುವ ಅಧಿಕಾರ ಇರುವವರು, ಆಗಬೇಕು ಅಂತ ಪೋಷಕರು ಓಡಾಡುತ್ತಾರೆ. ರಾಷ್ಟ್ರೀಯ ನ್ಯಾಸ ಕಾಯ್ದೆ, 1999ರ ಪ್ರಕಾರ ಅರ್ಜಿ ನೋಡುವ ಸ್ಥಳೀಯ ಸಮಿತಿ, ಈ ವ್ಯಕ್ತಿಗೆ ಪಾಲಕರು ಬೇಕೇ, ಬೇಕಾದರೆ ಯಾವ ಕೆಲಸಕ್ಕೆ ಅಂತ ಮೊದಲು ವಿಚಾರಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸೀಮಿತ ಪಾಲಕತ್ವದ ಮಾತಾಡುತ್ತದೆ. ಒಂದು ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಕಾಲಕ್ಕೆ, ಆ ವ್ಯಕ್ತಿಯ ಇಷ್ಟದ ಪ್ರಕಾರ, ಇಬ್ಬರೂ ಕೂಡಿ ತೀರ್ಮಾನ ಮಾಡುವುದು. ಇಷ್ಟ ಏನು ಅಂತ ಹೇಳುವ ಅಭ್ಯಾಸವೇ ಆಗದ ಹುಡುಗನ ಇಷ್ಟವನ್ನು ಆ ದಿನ ಯಾರು ಕೇಳಿಸಿಕೊಳ್ಳುತ್ತಾರೆ?

ಆ ಹುಡುಗನಿಗೆ ಈಗ ಹತ್ತೊಂಬತ್ತು. ಕ್ಯಾಂಡಲ್ ಮಾಡುವ ತರಬೇತಿಗೆ ಸೇರಿಸೋಣ ಅಂತ ಅವರಪ್ಪ ಎಲ್ಲ ಮಾತಾಡಿಕೊಂಡು ಬಂದಿದ್ದರು. ಬೇಡ ಅಂದ. ಮತ್ತೇನು ಬೇಕಪ್ಪಾ ಅಂದರೆ ಬಸ್ಸಿನ ಚಿತ್ರ ಮುಟ್ಟಿದ. ಪ್ರವಾಸ ಅಂದುಕೊಂಡೆವು. ಅಲ್ಲ. ಬಿಡಿಸಿ ತಿಳಿದುಕೊಳ್ಳಲು ಎರಡು ವಾರ ಬೇಕಾಯಿತು. ಬಸ್‌ಸ್ಟ್ಯಾಂಡ್ ಎದುರು ಅವನ ಸೋದರಮಾವನ ಝೆರಾಕ್ಸ್ ಅಂಗಡಿ ಇದೆ. ಅಲ್ಲಿ ಕೂರಬೇಕಂತೆ, ಜನ ನೋಡಬೇಕಂತೆ.

ಈಗ ವಾರಕ್ಕೆ ಮೂರು ಮಧ್ಯಾಹ್ನ ಅಲ್ಲಿರುತ್ತಾನೆ. ಎಷ್ಟು ಕಾಪಿ ಅನ್ನುವುದಕ್ಕೆ ಅಂಕಿಗಳಿರುವ ಹೊಸ ಚಾರ್ಟ್ ಹಲಗೆ ಮೇಲಿದೆ. ಅವನು ಮುಟ್ಟಿದ್ದನ್ನು ಗಿರಾಕಿಗಳು ಓದಿಕೊಳ್ಳುತ್ತಾರೆ. ಹೋದ ತಿಂಗಳು ನಾನು ಹೋದಾಗ ಚಾರ್ಟಿನ ಪಕ್ಕ ಒಂದು ಚೀಟಿ ಅಂಟಿಸಿದ್ದರು. ಯಾರಿಗೋ ಹೇಳಿ ಅವನೇ ಬರೆಸಿಕೊಂಡ ಮಾತಂತೆ. ‘ಚಿಲ್ಲರೆ ಕೊಡಿ.’