ಡಿಎಕ್ಸ್ ಸ್ಟೇಷನ್‌ಗೆ ನನ್ನ ದನಿ ಯಾಕೆ ಕೇಳಿಸಲ್ಲ?

"ಸರ್, ಅರ್ಧ ಗಂಟೆಯಿಂದ ಕೂಗ್ತಾ ಇದೀನಿ, ಆ ಡಿಎಕ್ಸ್ ಸ್ಟೇಷನ್ ನನಗೆ ಉತ್ತರಾನೇ ಕೊಡ್ತಿಲ್ಲ. ಲೀನಿಯರ್ ತಗೊಂಡ್ಬಿಡ್ಲಾ?"

ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಸಿಕ್ಕಿ, ಡಿಎಕ್ಸ್ ಅಂದರೆ ದೂರದೇಶದ ಸ್ಟೇಷನ್ ಹಿಡಿಯಲು ಹೊರಟವರೆಲ್ಲ ಫೋನ್ ಮಾಡಿ ಕೇಳುವುದು ಇದನ್ನೇ. ಹೇಳಿ ಹೇಳಿ ಸಾಕಾಗಿದೆ. ಲೀನಿಯರ್, ಅಂದರೆ ಪವರ್ ಹೆಚ್ಚಿಸುವ ಆಂಪ್ಲಿಫೈಯರ್, ತಗೋಬೇಡಿ. 100 ವ್ಯಾಟ್‌ನಿಂದ 400 ವ್ಯಾಟ್‌ಗೆ ಹೋದರೂ ಆ ಕಡೆ ಜಾಸ್ತಿಯಾಗುವುದು ಒಂದೇ ಒಂದು ಎಸ್ ಯೂನಿಟ್, ಸಿಗ್ನಲ್ ಮೀಟರಿನಲ್ಲಿ ಒಂದು ಅಂಕ.

ನನಗೆ ಸಿಟ್ಟು ಬರುವುದು ಆ "ಕೂಗ್ತಾ ಇದೀನಿ" ಅನ್ನುವ ಮಾತಿಗೆ. ಅರ್ಧ ಗಂಟೆ ಕೂಗಿದಿರಿ, ಸರಿ. ಕೇಳಿಸಿಕೊಂಡಿದ್ದು ಎಷ್ಟು ಹೊತ್ತು?

ನಾನೂ ಹೀಗೇ ಕೂಗಿದವನು. ಒಂದು ಮಧ್ಯಾಹ್ನ 14.195 ಮೆಗಾಹರ್ಟ್ಸ್‌ನಲ್ಲಿ ಟುವಾಲು ಬಂದಿತ್ತು. ಇಲ್ಲಿಂದ ಸುಮಾರು 11,000 ಕಿಲೋಮೀಟರ್ ದೂರದ ದ್ವೀಪ. ದೊಡ್ಡ ಪೈಲ್-ಅಪ್, ಎಲ್ಲರೂ ಒಟ್ಟಿಗೇ ಕರೆಯುವ ಗದ್ದಲ. ಆಪರೇಟರ್‌ಗೆ ಯಾರದೋ ಕಾಲ್ ಸೈನ್‌ನ (ಹ್ಯಾಮ್‌ನ ಗುರುತಿನ) ಕೊನೆಯ ಅಕ್ಷರ ಮಾತ್ರ ಸಿಕ್ಕಿತು. "ಕೊನೆಗೆ ಎಕ್ಸ್-ರೇ ಇರುವವರು ಮಾತ್ರ" ಅಂದರು. ನನ್ನ ಕಾಲ್ ಸೈನ್‌ನಲ್ಲಿ ಎಕ್ಸ್ ಇಲ್ಲ. ಆದರೂ ಕೂಗಿದೆ. ನನ್ನಂಥವರು ಇನ್ನೂ ಎಷ್ಟೋ ಜನ ಕೂಗಿದರು. ಅವರು ಮತ್ತೆ ಕೇಳಿದರು, ನಾವು ಮತ್ತೆ ಕೂಗಿದೆವು. ನಡುವೆ ಒಂದು ಕ್ಷಣ ಗಲಾಟೆ ನಿಂತಾಗ ಆ ಎಕ್ಸ್-ರೇ ನನಗೂ ಕೇಳಿಸಿತು. ಸಣ್ಣ ದನಿ, ನಮ್ಮದೇ ವಿಯು2, ಅಂದರೆ ಭಾರತದ ಕಾಲ್ ಸೈನ್. ಅಷ್ಟರಲ್ಲಿ ಮತ್ತೆ ಎಲ್ಲರೂ ಮೇಲೆ ಬಿದ್ದರು. ಸ್ವಲ್ಪ ಹೊತ್ತಿಗೆ ಬ್ಯಾಂಡ್ ಮುಚ್ಚಿತು, ಸಿಗ್ನಲ್ ಬರುವುದೇ ನಿಂತಿತು. ಅವರಿಗೂ ಟುವಾಲು ಸಿಗಲಿಲ್ಲ, ನನಗೂ ಸಿಗಲಿಲ್ಲ. ಆ ದನಿ ಇವತ್ತಿಗೂ ನೆನಪಿದೆ.

ನೀವು ಕೇಳಬೇಕಾದ್ದು ಬೇರೆ: ಆ ಸ್ಟೇಷನ್ ಈಗ ಎಲ್ಲಿ ಕೇಳುತ್ತಿದೆ?

ಪೈಲ್-ಅಪ್ ದೊಡ್ಡದಾದಾಗ ಅವರು ಮಾತಾಡುವ ಜಾಗದಲ್ಲೇ ಕೇಳುವುದಿಲ್ಲ, ಸ್ವಲ್ಪ ಮೇಲೆ ಕೇಳುತ್ತಾರೆ. 14.195ರಲ್ಲಿ ಮಾತಾಡುತ್ತ "ಐದರಿಂದ ಹತ್ತು ಅಪ್" ಅಂದರೆ ಅಷ್ಟು ಕಿಲೋಹರ್ಟ್ಸ್ ಮೇಲೆ, 14.200ರಿಂದ 14.205ರ ಒಳಗೆ. ಅವರು ಯಾರಿಗಾದರೂ "ಫೈವ್ ನೈನ್" (ಸಿಗ್ನಲ್ ಚೆನ್ನಾಗಿದೆ ಅನ್ನುವ ವರದಿ) ಕೊಟ್ಟ ತಕ್ಷಣ ಎರಡನೇ ವಿಎಫ್‌ಒ, ಅಂದರೆ ಫ್ರೀಕ್ವೆನ್ಸಿ ಬದಲಿಸುವ ಗುಂಡಿ, ತಿರುಗಿಸಿ, ಉತ್ತರ ಬಂದ ಜಾಗ ಹುಡುಕಿ. ನಾಲ್ಕೈದು ಸಲ ಹುಡುಕಿದರೆ ಅವರ ನಡಿಗೆ ಗೊತ್ತಾಗುತ್ತದೆ. ಕೆಲವರು ಒಂದೊಂದೇ ಕಿಲೋಹರ್ಟ್ಸ್ ಮೇಲೆ ಹತ್ತುತ್ತಾರೆ, ಕೆಲವರು ಕೂತಲ್ಲೇ ಕೂರುತ್ತಾರೆ. ಮುಂದೆ ಎಲ್ಲಿಗೆ ಬರಬಹುದೋ ಅಲ್ಲಿ ಕಾದು, ಪೂರ್ತಿ ಕಾಲ್ ಸೈನ್ ಒಂದೇ ಸಲ ಹೇಳಿ. ಬರೀ ಕೊನೆಯ ಎರಡಕ್ಷರ ಹೇಳಿದರೆ ಉಳಿದದ್ದನ್ನು ಕೇಳೋಕೆ ಅವರು ಇನ್ನೊಂದು ಸುತ್ತು ಮಾತಾಡಬೇಕು.

ಇನ್ನು, ಯಾರಾದರೂ ತಪ್ಪಿ 14.195ರಲ್ಲೇ ಕರೆದರೆ "ಅಪ್, ಅಪ್" ಅಂತ ಗದರಬೇಡಿ. ತಪ್ಪಿದವರು ಒಂದು ಸಲ ಕರೆದು ಸುಮ್ಮನಾಗುತ್ತಾರೆ. ಗದರುವವರು ನಿಲ್ಲಿಸುವುದೇ ಇಲ್ಲ. ತಾರಸಿ ಮೇಲೆ ಒಂದು ಡೈಪೋಲ್ ಆಂಟೆನಾ ಕಟ್ಟಿ ಕಿವಿಗೊಟ್ಟು ಕೂತವರಿಗೆ ಅಷ್ಟೂ ಹೊತ್ತು ದ್ವೀಪ ಕೇಳಿಸುವುದಿಲ್ಲ.

ನಾಳೆ ಮೈಕ್ ಬಿಚ್ಚಿಟ್ಟು ಅರ್ಧ ಗಂಟೆ ಸುಮ್ನೆ ಕೇಳಿ. ಆಮೇಲೆ ಫೋನ್ ಮಾಡಿ, ಅವರು ಎಲ್ಲೆಲ್ಲಿ ಕೇಳುತ್ತಿದ್ದರು ಅಂತ ಹೇಳಿ. ಎಷ್ಟು ಹೊತ್ತು ಬೇಕಾದರೂ ಮಾತಾಡೋಣ.